ಬೋರ್ಡೋದ ವೈನ್ ಅಂಗಡಿಯಲ್ಲಿ ಸಿಕ್ಕ ಹಿರಿಯರಿಗೆ

ಫ್ರಾನ್ಸಿನ ಬೋರ್ಡೋ ಊರಿನ ವೈನ್ ಅಂಗಡಿಯಲ್ಲಿ ನನಗೆ ನೆರವಾದ ಹಿರಿಯರೇ, ನಿಮ್ಮ ಹೆಸರು ಗೊತ್ತಿಲ್ಲ. ಅದಕ್ಕೇ ಇಲ್ಲಿ ಧನ್ಯವಾದ ಹೇಳುತ್ತಿದ್ದೇನೆ.

ನನ್ನ ಕೈಯಲ್ಲಿದ್ದದ್ದು 1996ರ ಲಿಂಚ್-ಬಾಜ್ ಎಂಬ ಕೆಂಪು ವೈನಿನ ಬಾಟಲಿ. ಬೋರ್ಡೋ ಪ್ರದೇಶದ ಪೊಯಾಕ್ ಊರಿನ ವೈನ್, ಹೆಚ್ಚಿನ ಪಾಲು ಕ್ಯಾಬರ್ನೆ ಸೊವಿನ್ಯೋನ್ ದ್ರಾಕ್ಷಿಯದು. ನೀವೂ ನನ್ನ ಹಾಗೆ ಗಿರಾಕಿ. ಆದರೂ ನಿಮ್ಮ ಕೆಲಸ ಬಿಟ್ಟು ಎಲ್ಲ ಹೇಳಿಕೊಟ್ಟಿರಿ.

ಬಾಟಲಿಯನ್ನು ಹಿಂದಿನ ದಿನವೇ ನೆಟ್ಟಗೆ ನಿಲ್ಲಿಸಿ, ಗಸಿ ತಳ ಸೇರಲಿ ಅಂದಿರಿ. ಹಳೆಯ ಕಾರ್ಕ್‌ಗೆ ಸ್ಕ್ರೂ ತಿರುಗಿಸಿದರೆ ಪುಡಿಯಾಗಬಹುದು, ಎರಡು ತೆಳು ಅಲಗಿನ ಓಪನರ್ ಬಳಸಿ ಅಂದಿರಿ. ಸುರಿಯುವಾಗ ಬಾಟಲಿಯ ಕತ್ತಿನ ಹಿಂದೆ ಮೇಣದಬತ್ತಿ ಇರಬೇಕು, ಗಸಿ ಕಂಡ ತಕ್ಷಣ ನಿಲ್ಲಿಸಬೇಕು. ಸುಮ್ನೆ ಗಂಟೆಗಟ್ಟಲೆ ಗಾಳಿಗೆ ಬಿಡಬೇಡಿ, ಹಳೆಯ ವೈನಿನ ಪರಿಮಳ ಬೇಗ ಹಾರಿಹೋಗುತ್ತದೆ ಎಂದಿರಿ. ಎಲ್ಲಕ್ಕಿಂತ ಜಾಸ್ತಿ ಉಪಯೋಗಕ್ಕೆ ಬಂದದ್ದು ಆ ಮಾತು.

ಗ್ಲಾಸಿನ ಅಂಚಿನಲ್ಲಿ ಇಟ್ಟಿಗೆ ಬಣ್ಣ. ಮೊದಲು ದೇವದಾರು ಮರದ ವಾಸನೆ, ಆಮೇಲೆ ತಂಬಾಕು, ಒಣಗಿದ ಎಲೆ, ಎಲ್ಲೋ ಹಿಂದೆ ಬ್ಲ್ಯಾಕ್‌ಕರಂಟ್ ಹಣ್ಣು. ಎಳೆಯ ಕ್ಯಾಬರ್ನೆ ನೇರಳೆ ಹಣ್ಣಿನ ಹಾಗೆ ನಾಲಿಗೆಯನ್ನು ಒಗರು ಮಾಡುತ್ತದೆ, ಅಲ್ವಾ? ಇದರಲ್ಲಿ ಒಗರು ಮೆತ್ತಗಾಗಿತ್ತು. ವರ್ಷ ಕಳೆದಂತೆ ಒಗರು ಕೊಡುವ ಟ್ಯಾನಿನ್‌ಗಳು ಒಂದಕ್ಕೊಂದು ಸೇರಿ, ಒಂದಷ್ಟು ಗಸಿಯಾಗಿ ಇಳಿಯುತ್ತವೆ ಎಂದು ನೀವು ಹೇಳಿದ್ದು ಆಗ ಅರ್ಥವಾಯಿತು. ಬೋರ್ಡೋದ ಕೆಂಪು ವೈನ್‌ಗಳನ್ನು ಐದು ದರ್ಜೆಗಳಾಗಿ ವಿಂಗಡಿಸಿದ 1855ರ ಪಟ್ಟಿಯಲ್ಲಿ ಇದಕ್ಕೆ ಐದನೇ ದರ್ಜೆ, ಅಂದರೆ ಕೊನೆಯದು. ನನಗಂತೂ ಅದು ತೀರಾ ಕಡಿಮೆ ಅನಿಸಿತು.

ಪೊಯಾಕ್‌ನ ಎಳೆ ಕುರಿಮಾಂಸದ ಜೊತೆ ಕುಡಿಯಿರಿ ಅಂದಿದ್ದಿರಿ, ಹಾಗೇ ಮಾಡಿದೆವು. ನನ್ನ ಹೆಂಡತಿಯೂ ನಿಮಗೆ ನಮಸ್ಕಾರ ಹೇಳಿದ್ದಾಳೆ.