ಪುಸ್ತಕದಲ್ಲಿದ್ದ ಜನ ಸಿನಿಮಾದಲ್ಲಿ ಎಲ್ಲಿ ಹೋದ್ರು?

ಸಂಪಾದಕರೇ, ನಮಸ್ಕಾರ.

ಭಾನುವಾರದ ಪುರವಣಿಯಲ್ಲಿ ‘ವರ್ಲ್ಡ್ ವಾರ್ ಝಡ್’ ಸಿನಿಮಾ ಬಗ್ಗೆ ಬಂದ ಲೇಖನ ಓದಿದೆ. ಓದ್ಲಿಕ್ಕೆ ಚೆನ್ನಾಗೇ ಇತ್ತು, ಆದ್ರೆ ಕಾದಂಬರಿಯನ್ನು ಯಥಾವತ್ತಾಗಿ ತೆರೆಗೆ ತಂದಿದ್ದಾರೆ ಅಂತ ಒಂದು ಮಾತು ಬರ್ದಿದ್ದೀರಲ್ಲ, ಅದಕ್ಕೇ ಈ ಪತ್ರ. ಯಥಾವತ್ತು ಎಂತ ಮಾರಾಯ್ರೆ, ಹೆಸರು ಮತ್ತು ಝಾಂಬಿ (ಸತ್ತ ಮೇಲೂ ಎದ್ದು ಬಂದು ಜನರನ್ನು ಕಚ್ಚುವ ಹೆಣ) ಬಿಟ್ರೆ ಹೆಚ್ಚುಕಮ್ಮಿ ಬೇರೆಯೇ ಕಥೆ ಅದು. ಝಾಂಬಿ ಕೂಡ ಒಂದೇ ಅಲ್ಲ, ಪುಸ್ತಕದ್ದು ಕಾಲೆಳ್ಕೊಂಡು ನಿಧಾನ ಬರ್ತದೆ, ಸಿನಿಮಾದ್ದು ಕರೆಗೆ, ಅಂದ್ರೆ ಓಟದ ಗದ್ದೆಗೆ, ಇಳಿಸಿದ ಕಂಬಳದ ಕೋಣದ ಹಾಗೆ ಓಡ್ತದೆ.

ಮ್ಯಾಕ್ಸ್ ಬ್ರೂಕ್ಸ್ ಅವ್ರ ಈ ಪುಸ್ತಕ ಬಂದದ್ದು 2006ರಲ್ಲಿ. ಅದ್ರಲ್ಲಿ ಹೀರೋ ಅಂತ ಯಾರೂ ಇಲ್ಲ. ಝಾಂಬಿಗಳ ಜೊತೆ ಯುದ್ಧ ಎಲ್ಲ ಮುಗಿದ್ಮೇಲೆ ವಿಶ್ವಸಂಸ್ಥೆಗೆ ವರದಿ ತಯಾರ್ ಮಾಡುವವ ಒಬ್ಬ ದೇಶ ದೇಶ ತಿರುಗಿ ಬದುಕಿ ಉಳಿದವ್ರನ್ನು ಮಾತಾಡಿಸ್ತಾನೆ, ಡಾಕ್ಟರು, ಸೈನಿಕರು, ಸುಳ್ಳು ಔಷಧ ಮಾರಿ ದುಡ್ಡು ಮಾಡಿದವ, ಅಪ್ಪನ ಮಾತು ನಂಬದೆ ಜಗಳ ಮಾಡಿದ ಕುವೈತಿನ ಪ್ಯಾಲೆಸ್ತೀನಿ ಹುಡುಗ, ಹೀಗೆ. ಮೇಲಿನವ್ರು ಆ ವರದಿ ನೋಡಿ ಜನರ ಭಾವನೆ ಅಭಿಪ್ರಾಯ ಎಲ್ಲ ಎಂತಕ್ಕೆ, ಅಂಕಿಅಂಶ ಸಾಕು ಅಂತ ಅರ್ಧ ತೆಗ್ದು ಹಾಕ್ತಾರೆ, ಹಾಗೆ ತೆಗ್ದು ಹಾಕಿದ್ದನ್ನೇ ಅವ ಪುಸ್ತಕ ಮಾಡಿದ್ದು ಅಂತ ಪೀಠಿಕೆಯಲ್ಲೇ ಉಂಟು. ತಮಾಷೆ ನೋಡಿ, ಹಾಲಿವುಡ್‌ನವ್ರು ಅದೇ ಪುಸ್ತಕ ತಗೊಂಡು ಅದೇ ಜನರನ್ನು ಇನ್ನೊಂದು ಸಲ ಕತ್ತರಿಸಿದ್ರು. ಉಳಿದದ್ದು ಬ್ರಾಡ್ ಪಿಟ್ ಒಬ್ರೇ, ವಿಮಾನ ಹತ್ತುದು ಇಳಿಯುದು.

ನಮ್ಮ ದೇಶದ ಭಾಗವನ್ನೇ ತಗೊಳ್ಳಿ. ಪುಸ್ತಕದಲ್ಲಿ ಗುಜರಾತಿನ ಅಲಂಗ್ ಬರ್ತದೆ, ಹಳೇ ಹಡಗು ಒಡೆಯುವ ಜಾಗ. ಸಮುದ್ರದಲ್ಲಿ ಹಡಗು ಉಂಟು ಅಂತ ಸಾವಿರಗಟ್ಟಲೆ ಜನ ಅಲ್ಲಿಗೆ ಓಡ್ತಾರೆ, ಈಜು ಬಾರದವ್ರು ಕೂಡ ನೀರಿಗೆ ಇಳೀತಾರೆ, ಹಡಗಿನವ್ರಲ್ಲಿ ಕೆಲವ್ರು ಕೈಹಿಡಿದು ಎತ್ಕೊಳ್ತಾರೆ, ಕೆಲವ್ರು ದುಡ್ಡು ಕೇಳ್ತಾರೆ, ಒಬ್ಬ ಬಂದೂಕು ತೋರಿಸಿ ಕೆಳಜಾತಿಯವ್ರನ್ನು ಹತ್ತಿಸುದಿಲ್ಲ ಅಂತ ಕೂಗ್ತಾನೆ. ಲೋಕ ಮುಳುಗ್ತಾ ಉಂಟು, ಇವನಿಗೆ ಜಾತಿ! ಮಳೆಗಾಲದಲ್ಲಿ ಮೀನುಗಾರಿಕೆ ಬಂದ್ ಆಗಿ ಮಲ್ಪೆ ಬಂದರಲ್ಲಿ ಬೋಟುಗಳೆಲ್ಲ ಒಂದಕ್ಕೊಂದು ತಾಗಿ ನಿಂತದ್ದು ನೋಡುವಾಗ ನಂಗೆ ಈಗ್ಲೂ ಆ ಅಧ್ಯಾಯ ನೆನಪಾಗ್ತದೆ, ನಮ್ಮಲ್ಲಿ ಹಾಗೆ ಆದ್ರೆ ಯಾರು ಯಾರನ್ನು ಹತ್ತಿಸಿಯಾರು ಅಂತ. ದೂರ ಯಾಕೆ, 2020ರಲ್ಲಿ ಕೊರೊನಾ ಅಂತ ಕೇರಳದ ಕಡೆಯ ತಲಪಾಡಿ ಗಡಿ ಬಂದ್ ಮಾಡಿ ಒಳರಸ್ತೆಗಳಿಗೆ ಮಣ್ಣು ಸುರಿದು ಕಾಸರಗೋಡಿನ ರೋಗಿಗಳು ಮಂಗಳೂರಿನ ಆಸ್ಪತ್ರೆಗೆ ಬರ್ಲಿಕ್ಕಾಗದೆ ವಿಷಯ ಸುಪ್ರೀಂ ಕೋರ್ಟ್ ತನಕ ಹೋಯ್ತಲ್ಲ. ಸಿನಿಮಾದಲ್ಲಿ ಭಾರತ ಅಂದ್ರೆ ಒಬ್ಬ ಜನರಲ್ ಕಳಿಸಿದ ಸಂದೇಶ, ಅದೂ ಬೇರೆಯವ್ರ ಬಾಯಲ್ಲಿ ಬರುದು, ಅಷ್ಟೇ.

ಪೂರ್ತಿ ಕೆಟ್ಟ ಸಿನಿಮಾ ಅಂತ ನಾನು ಹೇಳುದಿಲ್ಲ. ಜೆರುಸಲೇಮಿನ ಗೋಡೆಗೆ ಝಾಂಬಿಗಳು ಒಂದ್ರ ಮೇಲೊಂದು ಬಿದ್ದು ರಾಶಿಯಾಗಿ ಹತ್ತುವ ದೃಶ್ಯ ದೊಡ್ಡ ಸ್ಕ್ರೀನಲ್ಲೇ ನೋಡ್ಬೇಕು (ಶೂಟಿಂಗ್ ಆದದ್ದು ಮಾಲ್ಟಾದಲ್ಲಿ). 2013ರಲ್ಲಿ ಬಂದಾಗ ಖರ್ಚು ಸುಮಾರು 19 ಕೋಟಿ ಡಾಲರ್ ಅಂತ ಸುದ್ದಿ ಇತ್ತು, ಗಳಿಸಿದ್ದು 50 ಕೋಟಿ ಡಾಲರಿಗೂ ಮೇಲೆ, ದುಡ್ಡಿನ ಲೆಕ್ಕದಲ್ಲಿ ಗೆದ್ದಿದೆ, ಸರಿ. ಆದ್ರೆ ರಷ್ಯಾದಲ್ಲಿ ದೊಡ್ಡ ಯುದ್ಧ ಆಗುವ ಕ್ಲೈಮ್ಯಾಕ್ಸ್ ಶೂಟ್ ಮಾಡಿ ಅದು ಸರಿಬರ್ಲಿಲ್ಲ ಅಂತ ಬಿಸಾಡಿ, ಬೇರೆ ಬರಹಗಾರರನ್ನು ಕರೆಸಿ, ವೇಲ್ಸಿನ ಒಂದು ಲ್ಯಾಬಿನ ಕಾರಿಡಾರಲ್ಲಿ ಸದ್ದು ಮಾಡದೆ ನಡೆಯುವ ಕೊನೆಯನ್ನು ಹೊಸತಾಗಿ ತೆಗ್ದರು, ನನ್ನ ಪ್ರಕಾರ ಇಡೀ ಸಿನಿಮಾದಲ್ಲಿ ನಿಜಕ್ಕೂ ಹೆದರಿಕೆ ಆಗುದು ಅಲ್ಲಿ ಮಾತ್ರ. ನಡುವೆ ಹೀರೋ ನಿಂತು ಪೆಪ್ಸಿ ಕುಡೀತಾರೆ, ಅದನ್ನು ಮಾತ್ರ ಕ್ಷಮಿಸ್ಲಿಕ್ಕೆ ಆಗುದಿಲ್ಲ.

ಇಂಟರ್‌ವ್ಯೂ ತರದ ಪುಸ್ತಕ ಸಿನಿಮಾ ಮಾಡ್ಲಿಕ್ಕೆ ಆಗುದಿಲ್ಲ ಅಂತ ನೀವು ಹೇಳ್ಬಹುದು. ಇದ್ರದ್ದೇ ಆಡಿಯೋಬುಕ್ ಕೇಳಿ ನೋಡಿ, ಸಾಕ್ಷಿಗಳಿಗೆಲ್ಲ ಬೇರೆ ಬೇರೆ ನಟರ ದನಿ, ಆ ಸುಳ್ಳು ಔಷಧದವನ ಪಾಲು ಓದಿದ್ದು ಹಾಲಿವುಡ್ ನಿರ್ದೇಶಕ ಮಾರ್ಟಿನ್ ಸ್ಕಾರ್ಸೆಸೆ. ಝಾಂಬಿ ಒಂದೂ ಕಾಣುದಿಲ್ಲ, ಆದ್ರೂ ರಾತ್ರಿ ಒಬ್ರೇ ಇದ್ದಾಗ ಕೇಳ್ಬೇಡಿ. ದುಡ್ಡಿನ ಪ್ರಶ್ನೆಯೂ ಅಲ್ಲ ಇದು, ನಮ್ಮ ಕೋಟ ಶಿವರಾಮ ಕಾರಂತರ ‘ಚೋಮನ ದುಡಿ’ಯನ್ನು ಬಿ.ವಿ. ಕಾರಂತರು 1975ರಲ್ಲಿ ಸಿನಿಮಾ ಮಾಡಿದ್ದು ಎಷ್ಟು ಕಡಿಮೆ ಖರ್ಚಲ್ಲಿ, ಅದ್ರಲ್ಲಿ ಚೋಮನೂ ಉಳಿದ, ಅವನಿಗೆ ಸಿಗದ ಗದ್ದೆಯೂ ಉಳೀತು.

ನಂದು ಒಂದೇ ಬೇಡಿಕೆ. ಇನ್ನು ಮುಂದೆ ಕಾದಂಬರಿ ಆಧರಿಸಿದ ಸಿನಿಮಾ ಬಗ್ಗೆ ಬರೆಸುವಾಗ ಆ ಪುಸ್ತಕ ಓದಿದ ಯಾರಾದ್ರೂ ಒಬ್ರ ಹತ್ರ ಒಂದು ಪ್ಯಾರಾ ಆದ್ರೂ ಬರೆಸಿ ಹಾಕಿ. ಜಾಗ ಸಾಲುದಿಲ್ಲ ಅಂತ ಆದ್ರೆ ಬ್ರಾಡ್ ಪಿಟ್ ಫೋಟೋ ಸ್ವಲ್ಪ ಸಣ್ಣ ಮಾಡಿದ್ರೆ ಆಯ್ತು, ಮೊನ್ನೆ ಅದೇ ಅರ್ಧ ಪುಟ ಇತ್ತು.

– ಒಬ್ಬ ಓದುಗ, ಮಲ್ಪೆ