ಧಾರವಾಡದ ಆ ಅಕ್ಕಾರಿಗೆ

ಧಾರವಾಡದ ಮಾನಸಿಕ ಆಸ್ಪತ್ರಿ ಬೆಂಚಿನ ಮ್ಯಾಲ ನಮ್ಮ ಅಣ್ಣನ ಬಾಜೂಕ ಕುಂತಿದ್ರಲ್ಲ ಅಕ್ಕಾರ, ನಿಮ್ಮ ಹೆಸರು ಕೇಳೂದ ಮರತೆ.

"ನಾನೂ ಇಂಥಾವ ಗುಳಿಗಿ ನುಂಗೇನಿ ತಮ್ಮಾ. ಮೊದಮೊದಲ ಬಾಯಿ ಒಣಗ್ತದ, ಬರೇ ನಿದ್ದಿ. ಹಂಗಂತ ನೀನ ಬಿಡಬ್ಯಾಡ, ಡಾಕ್ಟರ್‌ಗೆ ಹೇಳು" ಅಂದ್ರಿ. ಡಾಕ್ಟರೂ ಅದನ್ನ ಹೇಳಿದ್ರು ಖರೆ, ಆದ್ರ ಅಣ್ಣ ತಲಿ ಎತ್ತಿ ನೋಡಿದ್ದು ನಿಮ್ಮನ್ನ. ಗುಳಿಗಿ ನುಂಗಿಕೋತ ಮದುವಿ ಮನಿಯೊಳಗ ಬೀಗರ ಪ್ರಶ್ನಿ ಹೆಂಗ ದಾಟಬೇಕು ಅನ್ನೂದು ದಾಟಿದವರಿಗೇ ಗೊತ್ತು.

ರಾತ್ರಿ ಜೀವ ತಳಮಳಿಸಿದ್ರ ಸರಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮನಸ್ 14416ಕ್ಕ ಫೋನ್ ಹಚ್ಚು, ರೊಕ್ಕ ಹತ್ತೂದಿಲ್ಲ, ಕನ್ನಡದಾಗೂ ಮಾತಾಡ್ತಾರ ಅಂತ ಚೀಟಿ ಬರದು ಕೊಟ್ರಿ. ಅದೀಗ ದೇವರ ಜಗಲಿ ಮ್ಯಾಲ ಐತಿ (ಅವ್ವ ಅರಿಷಿಣ ಬ್ಯಾರೆ ಹಚ್ಯಾಳ!).

ಅಣ್ಣ ಮೊನ್ನೆ ಒಬ್ಬನ ಬಸ್ ಹತ್ತಿ ಗದಗಕ್ಕ ಹೋಗಿ ಬಂದ. ಭಾಳ ಉಪಕಾರ ಆತ್ರೀ ಅಕ್ಕಾರ.