ಚಾವಣಿ ಸೋರುತ್ತಿದೆ, ಅಕ್ಟೋಬರ್ 31ರೊಳಗೆ ಕೈಜೋಡಿಸಿ: ನಮ್ಮ ಲೂಥರನ್ ಸಭೆಯ ದೇಣಿಗೆ ಮನವಿ

ಕರ್ತನಲ್ಲಿ ಪ್ರಿಯರೇ, ಸಭಾಹಿರಿಯರೆಲ್ಲರ ವಂದನೆಗಳು.

ಸೆಪ್ಟೆಂಬರ್ ಎರಡನೆಯ ಭಾನುವಾರ ಏನಾಯಿತೆಂದು ಆರಾಧನೆಗೆ ಬಂದವರು ಕಣ್ಣಾರೆ ಕಂಡಿದ್ದೀರಿ, ಬಾರದವರು ವಾಟ್ಸಾಪ್‌ನಲ್ಲಿ ನೋಡಿದ್ದೀರಿ. ರಾತ್ರಿಯೆಲ್ಲ ಹೊಡೆದ ಮಳೆ ಬೆಳಗಿನ ಜಾವ ನಿಂತಿತ್ತು. ಆದರೆ ಮಳೆ ನಿಂತರೂ ಮರದ ಹನಿ ನಿಲ್ಲದು ಎನ್ನುತ್ತಾರಲ್ಲ, ನಮ್ಮ ಚಾವಣಿಯದೂ ಅದೇ ಕಥೆ. ನಮ್ಮ ಪಾಸ್ಟರ್ ಅಯ್ಯನವರು ಕರ್ತನ ಭೋಜನಕ್ಕೆಂದು ತಟ್ಟೆಯ ಮೇಲಿನ ಬಿಳಿ ಬಟ್ಟೆ ತೆಗೆಯುವ ಹೊತ್ತಿಗೆ ಯಜ್ಞವೇದಿಯ ಮೇಲೆ ಟಪ್ ಎಂದು ಒಂದು ಹನಿ ಬಿತ್ತು. ಹಿಂದೆಯೇ ಇನ್ನೊಂದು. ಸಂಡೇ ಸ್ಕೂಲಿನ ಹುಡುಗನೊಬ್ಬ ಯಾರೂ ಹೇಳದೆಯೇ ಎದ್ದು ಹೋಗಿ, ಅವರ ಅಮ್ಮನ ಹೂಹೂವಿನ ಛತ್ರಿ ಬಿಚ್ಚಿ ಅಯ್ಯನವರ ಪಕ್ಕ ನಿಂತ. ಅವತ್ತು ನಾವೆಲ್ಲ ಆ ಛತ್ರಿಯ ಕೆಳಗೇ ರೊಟ್ಟಿ, ದ್ರಾಕ್ಷಾರಸ ತೆಗೆದುಕೊಂಡೆವು.

ಕೊನೆಯ ಹಾಡಿನ ಸಮಯಕ್ಕೆ ಒಂದು ಹಂಚು ಜಾರಿ ಹಿಂದಿನಿಂದ ಮೂರನೆಯ ಬೆಂಚಿನ ಮೇಲೆ ಬಿದ್ದು ಒಡೆಯಿತು. ಆ ಬೆಂಚಿನಲ್ಲಿ ಯಾರೂ ಇರಲಿಲ್ಲ. ಅಲ್ಲಿ ಮೇ ತಿಂಗಳಿಂದಲೇ ಸೋರುತ್ತಿದ್ದುದರಿಂದ ಯಾರೂ ಕೂರುತ್ತಿರಲಿಲ್ಲ. ಸೋರಿಕೆಯೇ ಅವತ್ತು ನಮ್ಮನ್ನು ಕಾಪಾಡಿತು.

ಒಡೆದ ಚೂರುಗಳನ್ನು ಜೋಡಿಸಿ ನೋಡಿದಾಗ ಹಿಂಬದಿಯಲ್ಲಿ ಅರ್ಧ ಸವೆದ ಇಂಗ್ಲಿಷ್ ಅಕ್ಷರಗಳು ಕಂಡವು: ಬಾಸೆಲ್ ಮಿಶನ್. ಸ್ವಿಟ್ಜರ್ಲೆಂಡಿನಿಂದ ಬಂದ ಈ ಕ್ರೈಸ್ತ ಮಿಶನ್‌ನವರು ಮಂಗಳೂರಿನಲ್ಲಿ 1865ರಲ್ಲಿ ಹಂಚಿನ ಕಾರ್ಖಾನೆ ಶುರುಮಾಡಿದರು. ಮಂಗಳೂರು ಹಂಚು ಎಂದು ನಾವು ಕರೆಯುವುದು ಆ ಮಾದರಿಯನ್ನೇ. ನಮ್ಮ ಬೆಂಗಳೂರಿನ ಎಂ.ಜಿ. ರಸ್ತೆಯಲ್ಲಿ ಪ್ರತಿಮೆಯಾಗಿ ನಿಂತಿರುವ, 1894ರಲ್ಲಿ ಕನ್ನಡ ನಿಘಂಟು ಕೊಟ್ಟ ಕಿಟ್ಟೆಲ್ ಅವರದೂ ಇದೇ ಮಿಶನ್. ಅವರು ಪೂರ್ತಿ ನಮ್ಮವರೇ ಎಂದು ಹೇಳಿಕೊಳ್ಳುವಂತಿಲ್ಲ, ಬಾಸೆಲ್‌ನವರಲ್ಲಿ ಲೂಥರನ್ನರೂ ಇದ್ದರು, ಇನ್ನೊಂದು ಪ್ರೊಟೆಸ್ಟೆಂಟ್ ಪಂಗಡವಾದ ರಿಫಾರ್ಮ್ಡ್‌ನವರೂ ಇದ್ದರು. ಆದರೂ ನಮ್ಮ ತಲೆಯ ಮೇಲಿದ್ದದ್ದು ಅವರ ಹಂಚು, ನಮ್ಮ ಬಾಯಲ್ಲಿರುವ ಕನ್ನಡ ಹಾಡುಗಳಲ್ಲಿ ಎಷ್ಟೋ ಅವರ ಕಾಲದವು. ಆ ಚೂರನ್ನು ಬಿಸಾಡಲು ಮನಸ್ಸಾಗದೆ ವೆಸ್ಟ್ರಿಯ (ಅಯ್ಯನವರು ನಿಲುವಂಗಿ ತೊಡುವ ಕೋಣೆಯ) ಬೀರುವಿನಲ್ಲಿ ಇಟ್ಟಿದ್ದೇವೆ.

ಸಭೆಯ ಚರಿತ್ರೆ ನಿಮಗೆ ಗೊತ್ತೇ ಇದೆ, ಮತ್ತೆ ಹೇಳಬೇಕಾಗಿಲ್ಲ. ಆದರೂ ಹೊಸ ತಲೆಮಾರಿನ ಮಕ್ಕಳು ಓದುತ್ತಾರೆಂದು ಎರಡು ಮಾತು. ಲೂಥರನ್ನರು ಭಾರತಕ್ಕೆ ನಿನ್ನೆ ಮೊನ್ನೆ ಬಂದವರಲ್ಲ. ಮೊದಲ ಲೂಥರನ್ ಮಿಶನರಿಗಳಾದ ಜೀಗನ್‌ಬಾಲ್ಗ್ ಮತ್ತು ಪ್ಲೂಚೌ ತಮಿಳುನಾಡಿನ ಕರಾವಳಿಯ ತರಂಗಂಬಾಡಿಯಲ್ಲಿ ಹಡಗಿನಿಂದ ಇಳಿದದ್ದು 1706ರಲ್ಲಿ. ನಮ್ಮ ಹಿರಿಯರನ್ನು ಕೂಡಿಸಿದ ಮಿಶನ್ 1895ರಲ್ಲಿ ಇಲ್ಲೇ ಪಕ್ಕದ ಕೃಷ್ಣಗಿರಿಯಲ್ಲಿ ಕೆಲಸ ಶುರುಮಾಡಿತು. 1947ರಲ್ಲಿ ಹಲವು ಪಂಗಡಗಳು ಕೂಡಿ ಸಿ.ಎಸ್.ಐ. (ಚರ್ಚ್ ಆಫ್ ಸೌತ್ ಇಂಡಿಯಾ) ಆದಾಗ ದಕ್ಷಿಣದ ಎಷ್ಟೋ ಸಭೆಗಳು ಅದರೊಳಗೆ ಸೇರಿದವು, ಲೂಥರನ್ನರು ಹೊರಗೇ ಉಳಿದರು. ಅದು ಜಂಬವಲ್ಲ. ಕರ್ತನ ಭೋಜನವೆಂದರೆ ಬರೀ ನೆನಪಿನ ಊಟವಲ್ಲ, ಆ ರೊಟ್ಟಿಯಲ್ಲಿ, ಆ ಪಾತ್ರೆಯಲ್ಲಿ ಕರ್ತನು ನಿಜವಾಗಿಯೂ ಇದ್ದಾನೆ ಎಂಬುದನ್ನು ನಮ್ಮವರು ಬಿಡಲು ಸಿದ್ಧರಿರಲಿಲ್ಲ. ಹನಿ ಬಿದ್ದ ವೇದಿಯನ್ನು ಕಂಡು ಸ್ತ್ರೀಯರ ಸಂಘದವರು ಕಣ್ಣೀರು ಹಾಕಿದ್ದು ಬಟ್ಟೆ ನೆನೆಯಿತೆಂದಲ್ಲ.

ಆಮೇಲೆ ಕೆ.ಜಿ.ಎಫ್. ಕಥೆ. 2001ರಲ್ಲಿ ಚಿನ್ನದ ಗಣಿ ಮುಚ್ಚಿದಾಗ ಕೆಲಸ ಹುಡುಕಿಕೊಂಡು ಬೆಂಗಳೂರಿಗೆ ಬಂದ ಎಷ್ಟು ಮನೆಯವರು ಈ ಬೆಂಚುಗಳಲ್ಲಿ ಬಂದು ಕೂತರು! ಕೆಲವರು ವರ್ಷಗಟ್ಟಲೆ ಮಾರಿಕುಪ್ಪಂ ರೈಲಿನಲ್ಲೇ ಭಾನುವಾರವೂ ಬಂದು ಹೋಗುತ್ತಿದ್ದರು. ಇವತ್ತಿಗೂ ಹತ್ತು ಗಂಟೆ ಹೊತ್ತಿಗೆ ಪಕ್ಕದ ಹಳಿಯ ಮೇಲೆ ರೈಲು ಹೋದರೆ ಅಯ್ಯನವರು ಪ್ರಸಂಗ ನಿಲ್ಲಿಸುತ್ತಾರೆ, ರೈಲು ದಾಟಿದ ಮೇಲೆ ಅದೇ ವಾಕ್ಯದ ಮಧ್ಯದಿಂದ ಮುಂದುವರಿಸುತ್ತಾರೆ. ಹೊಸಬರಿಗೆ ನಗು ಬರುತ್ತದೆ. ಏಳೂವರೆಗೆ ತಮಿಳು ಆರಾಧನೆ, ಒಂಬತ್ತೂವರೆಗೆ ಕನ್ನಡ. ಎರಡೂ ಸೇರಿ 63 ಮನೆ. ಸುಗ್ಗಿ ಹಬ್ಬದ ಹರಾಜಿನಲ್ಲಿ ಮಾತ್ರ ಎರಡು ಭಾಷೆಯೂ ಒಂದಾಗಿ ಒಂದು ಕುಂಬಳಕಾಯಿಯನ್ನು 4,200 ರೂಪಾಯಿಗೆ ಏರಿಸಿದ್ದನ್ನು ನೀವು ಮರೆತಿರಲಾರಿರಿ.

ಈಗ ಕೇಳಬೇಕಾದ ಮಾತಿಗೆ ಬರುತ್ತೇನೆ. ಅದನ್ನು ಕೇಳುವುದು ಲೂಥರನ್ನರಿಗೆ ಸ್ವಲ್ಪ ಮುಜುಗರದ ಕೆಲಸ, ಯಾಕೆಂದರೆ ನಮ್ಮ ಕಥೆ ಶುರುವಾದದ್ದೇ ಒಂದು ದೇಣಿಗೆ ಸಂಗ್ರಹದ ವಿರುದ್ಧ. ರೋಮಾಪುರದಲ್ಲಿ ಸಂತ ಪೇತ್ರರ ಮಹಾದೇವಾಲಯ ಕಟ್ಟಲು ಹಣ ಬೇಕಿತ್ತು. ಜರ್ಮನಿಯ ಊರೂರಿನಲ್ಲಿ ಪಾಪದ ಶಿಕ್ಷೆಗೆ ವಿನಾಯಿತಿ ಕೊಡುವ ಪತ್ರಗಳನ್ನು ಮಾರಿದರು. ಮಾರ್ಟಿನ್ ಲೂಥರ್ 1517ರ ಅಕ್ಟೋಬರ್ 31ರಂದು 95 ವಾದಗಳನ್ನು ಮುಂದಿಟ್ಟದ್ದು ಇದರ ಮೇಲೆಯೇ. ಕೃಪೆ ಕಾಸಿಗೆ ಸಿಗುವುದಲ್ಲ, ಅದು ನಂಬಿಕೆಯಿಂದ ಪುಕ್ಕಟೆಯಾಗಿ ಬರುವಂಥದ್ದು ಎಂದು ದೃಢೀಕರಣ ಕ್ಲಾಸಿನಲ್ಲಿ ಬಾಯಿಪಾಠ ಮಾಡಿ ಬಂದವರು ನಾವೆಲ್ಲ. ಹೀಗಿರುವಾಗ ಚಾವಣಿಗೆ ಕೊಟ್ಟರೆ ನಿಮಗೆ ಪುಣ್ಯ ಬರುತ್ತದೆ ಎಂದು ನಾನು ಯಾವ ಬಾಯಲ್ಲಿ ಬರೆಯಲಿ? ಬರೆಯುವುದಿಲ್ಲ.

ಆಗಸ್ಟ್ ತಿಂಗಳ ಮೀಟಿಂಗಿನಲ್ಲಿ ಇದೇ ಜಗಳವಾಯಿತು. ಐವತ್ತು ಸಾವಿರಕ್ಕಿಂತ ಹೆಚ್ಚು ಕೊಟ್ಟವರ ಹೆಸರನ್ನು ಗ್ರಾನೈಟ್ ಕಲ್ಲಿನಲ್ಲಿ ಕೆತ್ತಿಸೋಣ ಎಂದು ಖಜಾಂಚಿಯವರು ಹೇಳಿದರು. ಹಾಗೆ ಮಾಡಿದರೆ ಹಣ ಬೇಗ ಬರುತ್ತದೆ, ಸುಳ್ಳಲ್ಲ. ಆಗ ನಮ್ಮ ನಿವೃತ್ತ ಮೇಷ್ಟ್ರು ಎದ್ದು 86ನೆಯ ವಾದ ನೆನಪಿಸಿದರು. ಅಷ್ಟು ಸಿರಿವಂತರಾದ ಪೋಪ್ ಬಡವರ ಹಣದಲ್ಲಿ ಕಟ್ಟುವ ಬದಲು ತಮ್ಮ ದುಡ್ಡಿನಲ್ಲೇ ಯಾಕೆ ಕಟ್ಟಬಾರದು ಎಂಬ ಪ್ರಶ್ನೆ ಅದರಲ್ಲಿದೆ. "ಊರಿಗೆಲ್ಲ ಲೂಥರ್ ಕಥೆ ಹೇಳ್ತೀರಲ್ಲಪ್ಪ, ಮೊದಲು ನಿಮ್ಮ ಜೇಬಿಗೆ ಕೈ ಹಾಕಿ" ಎಂದರು. ಯಾರೂ ಐದು ನಿಮಿಷ ಮಾತಾಡಲಿಲ್ಲ. ಕೊನೆಗೆ ಒಂಬತ್ತು ಮಂದಿ ಹಿರಿಯರೂ ಒಂದೊಂದು ತಿಂಗಳ ಸಂಬಳವನ್ನೋ ಪೆನ್ಷನ್ನನ್ನೋ ಕೊಡುವುದೆಂದಾಯಿತು. ಖಜಾಂಚಿಯವರೇ ಮೊದಲು ಚೆಕ್ ಬರೆದರು. ಕಲ್ಲಿನ ಮಾತು ಅಲ್ಲಿಗೆ ಬಿತ್ತು. ಹೆಸರು ರಸೀದಿ ಪುಸ್ತಕದಲ್ಲಿರುತ್ತದೆ, ಗೋಡೆಯ ಮೇಲಲ್ಲ.

ಹಂಚಿಗೆ ಸುರಿಯುವ ಹಣವನ್ನು ಬಡವರಿಗೆ ಕೊಡಬಾರದೇ ಎಂದು ಯುವಕರ ಸಂಘದ ಒಬ್ಬರು ಕೇಳಿದರು. ನ್ಯಾಯವಾದ ಪ್ರಶ್ನೆ. ಆದರೆ ಅದೇ ಚಾವಣಿಯ ಕೆಳಗೆ ವಾರಕ್ಕೆ ಐದು ಸಂಜೆ ಮೂವತ್ತಕ್ಕೂ ಹೆಚ್ಚು ಮಕ್ಕಳು ಪುಕ್ಕಟೆ ಟ್ಯೂಷನ್‌ಗೆ ಕೂರುತ್ತಾರೆ. ಗಾರ್ಮೆಂಟ್ಸಿಗೆ ಹೋಗುವವರ, ಪೇಂಟಿಂಗ್ ಕೆಲಸದವರ, ಪೌರಕಾರ್ಮಿಕರ ಮಕ್ಕಳು. ಅರ್ಧಕ್ಕರ್ಧ ನಮ್ಮ ಸಭೆಯವರೇ ಅಲ್ಲ, ನಾವು ಯಾವತ್ತೂ ಕೇಳಿಲ್ಲ. ಕಳೆದ ಸಲ ಎಸ್ಸೆಸ್ಸೆಲ್ಸಿಗೆ ಕೂತ ಏಳು ಮಕ್ಕಳೂ ಪಾಸು, ಒಬ್ಬಳಿಗೆ ಕನ್ನಡದಲ್ಲಿ 125ಕ್ಕೆ 121! ಅದೇ ಹುಡುಗಿಯ ತಂಗಿ ಈ ವರ್ಷ ನೋಟ್‌ಬುಕ್ಕಿಗೆ ಹಾಲಿನ ಪ್ಯಾಕೆಟ್ಟಿನ ಕವರ್ ಕತ್ತರಿಸಿ ಹೊದಿಸಿಕೊಂಡು ಬರುತ್ತಾಳೆ. ಮಳೆ ಬಂದರೆ ಎಲ್ಲರೂ ಗೋಡೆಯ ಒಂದೇ ಮೂಲೆಗೆ ಒತ್ತರಿಸಿಕೊಂಡು ಕೂರಬೇಕು. ಮೂರು ಬಕೆಟ್, ಒಂದು ಬಾಂಡ್ಲಿ ಇಟ್ಟಿದ್ದೇವೆ, ಅವು ತುಂಬಿದಂತೆ ಸುರಿದು ಬರುವ ಸರದಿಯೂ ಮಕ್ಕಳದೇ. ಹಾರ್ಮೋನಿಯಂ ನೆನೆದು ಎರಡು ಕೀ ಒತ್ತಿದರೆ ಮೇಲೇಳುವುದಿಲ್ಲ.

ಐದು ವರ್ಷದ ಕೆಳಗೆ ಒಬ್ಬ ಕಂಟ್ರಾಕ್ಟರ್ ಹಂಚಿನ ಮೇಲೆ ಏನೋ ಕೆಮಿಕಲ್ ಬಳಿದು ಹತ್ತು ವರ್ಷ ಗ್ಯಾರಂಟಿ ಎಂದರು. ಎರಡನೆಯ ಮಳೆಗಾಲಕ್ಕೆ ಫೋನ್ ಎತ್ತುವುದನ್ನು ನಿಲ್ಲಿಸಿದರು. ಅದು ನಮ್ಮದೇ ಎಡವಟ್ಟು, ಅಗ್ಗಕ್ಕೆ ಬಿದ್ದೆವು. ಈ ಸಲ ಹಂಚು ಇಳಿಸಿ ನೋಡಿಸಿದಾಗ ಗೊತ್ತಾಯಿತು, ರೋಗ ಇರುವುದು ಹಂಚಿಗಲ್ಲ. ಹಂಚು ಕೂರುವ ಮರದ ಪಟ್ಟಿಗಳಿಗೆ, ಅಂದರೆ ರೀಪರ್‌ಗಳಿಗೆ, ಗೆದ್ದಲು ಹಿಡಿದಿದೆ, ಬಡಗಿ ಸ್ಕ್ರೂಡ್ರೈವರ್ ಚುಚ್ಚಿದರೆ ಹಿಡಿಯವರೆಗೂ ಒಳಗೆ ಹೋಯಿತು. ಎರಡು ತೊಲೆ ಬದಲಿಸಬೇಕು, ರೀಪರ್ ಅಷ್ಟೂ ಹೊಸದಾಗಬೇಕು. ಹಳೆಯ ಹಂಚಿನಲ್ಲಿ ಅರ್ಧದಷ್ಟು ಮತ್ತೆ ಉಪಯೋಗಕ್ಕೆ ಬರುತ್ತದಂತೆ.

ಮರ, ಹಂಚು, ಕೂಲಿ, ಸಾರ್ವೆ ಎಲ್ಲ ಸೇರಿ ಹೆಚ್ಚುಕಡಿಮೆ ಒಂಬತ್ತು ಲಕ್ಷ. ತಗಡಿನ ಶೀಟು ಹಾಕಿದರೆ ಅರ್ಧಕ್ಕೆ ಮುಗಿಯುತ್ತದೆ ಎಂದು ಹೇಳಿದವರೂ ಇದ್ದಾರೆ. ಮಳೆಯಲ್ಲಿ ತಗಡಿನ ಕೆಳಗೆ ನಿಂತು ಪ್ರಸಂಗ ಕೇಳಿದ್ದೀರಾ? ರೈಲಿಗೆ ನಿಲ್ಲಿಸುವ ಅಯ್ಯನವರು ಮಳೆಗೂ ನಿಲ್ಲಿಸಬೇಕಾದರೆ ಊಟದ ಹೊತ್ತಾದರೂ ಮನೆಗೆ ಹೋಗಲಾರೆವು.

ಕೈಯಲ್ಲಿರುವುದು ಹಿರಿಯರದೂ ಸೇರಿ ಎರಡು ಲಕ್ಷದ ಅರವತ್ತು ಸಾವಿರದಷ್ಟು. ಕೊಟೇಶನ್ ಅಕ್ಟೋಬರ್ 31ರವರೆಗೆ ಮಾತ್ರ, ಅಷ್ಟರೊಳಗೆ ನಾಲ್ಕು ಲಕ್ಷ ಮುಂಗಡ ಕೊಟ್ಟರೆ ನವೆಂಬರಿನಲ್ಲಿ ಕೆಲಸ ಹಿಡಿದು ಕ್ರಿಸ್ಮಸ್‌ಗೆ ಬಿಟ್ಟುಕೊಡುತ್ತಾರೆ. ತಪ್ಪಿದರೆ ಮರದ ರೇಟು ಏರುತ್ತದೆ, ನಾವು ಕ್ರಿಸ್ಮಸ್ ಆರಾಧನೆಯನ್ನು ನೀಲಿ ಟಾರ್ಪಾಲಿನ ಕೆಳಗೆ ಮಾಡಬೇಕಾಗುತ್ತದೆ. ಲೂಥರ್ ವಾದ ಮುಂದಿಟ್ಟ ನೆನಪಿಗೆ ನಾವು ಆಚರಿಸುವ ಸುಧಾರಣೆಯ ದಿನದಂದೇ ಗಡುವು ಬಿದ್ದದ್ದು ಕಂಟ್ರಾಕ್ಟರ್‌ಗೆ ಗೊತ್ತಿಲ್ಲ, ನಾವೂ ಹೇಳಲು ಹೋಗಿಲ್ಲ.

ಇಷ್ಟೇ ಕೊಡಿ ಎಂದು ಹೇಳುವುದಿಲ್ಲ. ಗಣಿಯಲ್ಲಿ ಗಂಡನನ್ನು ಕಳೆದುಕೊಂಡ ನಮ್ಮ ಮೊದಲ ಸಾಲಿನ ಅಜ್ಜಿ ಮಡಿಸಿದ ಕರ್ಚೀಫಿನಿಂದ 340 ರೂಪಾಯಿ ಬಿಚ್ಚಿ ಕೊಟ್ಟು, ರಸೀದಿ ಬೇಡ ಎಂದರು. ಕೊಟ್ಟೇ ಕಳಿಸಿದೆವು, ಲೆಕ್ಕ ಲೆಕ್ಕವೇ. ಬ್ಯಾಂಕ್ ವಿವರ ಮತ್ತು ಯುಪಿಐ ಕೋಡ್ ನೋಟಿಸ್ ಬೋರ್ಡಿನಲ್ಲಿದೆ. ನಮಗೆ 80ಜಿ ಸರ್ಟಿಫಿಕೇಟ್ ಇಲ್ಲ, ತೆರಿಗೆ ವಿನಾಯಿತಿಗೆಂದು ಕೊಡುವವರು ದಯವಿಟ್ಟು ತಿಳಿದಿರಿ. ವಿದೇಶಿ ದೇಣಿಗೆ ಪಡೆಯಲು ಬೇಕಾದ ಎಫ್‌ಸಿಆರ್‌ಎ ನೋಂದಣಿಯೂ ಇಲ್ಲ. ದುಬೈಯಲ್ಲಿ, ಅಮೆರಿಕದಲ್ಲಿ ಇರುವ ನಮ್ಮ ಮಕ್ಕಳು ಭಾರತದ ಪಾಸ್‌ಪೋರ್ಟ್ ಇಟ್ಟುಕೊಂಡಿದ್ದರೆ ತಮ್ಮ ದುಡಿಮೆಯ ಹಣವನ್ನು ಬ್ಯಾಂಕಿನ ಮೂಲಕ ಕಳಿಸಬಹುದು. ಬೇರೆ ದೇಶದ ಪೌರತ್ವ ತೆಗೆದುಕೊಂಡವರಿಂದ ನಾವು ತೆಗೆದುಕೊಳ್ಳುವಂತಿಲ್ಲ, ಬೇಸರಿಸಬೇಡಿ.

ಹಣ ಕೊಡಲಾಗದವರು ನವೆಂಬರ್ ಮೊದಲ ಶನಿವಾರ ಬೆಳಿಗ್ಗೆ ಏಳಕ್ಕೆ ಬನ್ನಿ. ಹಳೆಯ ಹಂಚನ್ನು ಸಾಲಾಗಿ ನಿಂತು ಕೈಯಿಂದ ಕೈಗೆ ದಾಟಿಸಿ ಇಳಿಸಬೇಕು. ನಾವೇ ಇಳಿಸಿಕೊಂಡರೆ ಕೂಲಿಯಲ್ಲಿ ಹದಿನೈದು ಸಾವಿರದಷ್ಟು ಉಳಿಯುತ್ತದೆ. ದಪ್ಪ ಗ್ಲೌಸ್ ಇದ್ದರೆ ತನ್ನಿ, ಚಪ್ಪಲಿ ಬೇಡ, ಶೂ ಹಾಕಿಕೊಳ್ಳಿ. ಒಂಬತ್ತಕ್ಕೆ ಸ್ತ್ರೀಯರ ಸಂಘದವರ ಚಿತ್ರಾನ್ನ ಇರುತ್ತದೆ.

ಸಭಾಹಿರಿಯರ ಪರವಾಗಿ,
ಕಾರ್ಯದರ್ಶಿ